ಹಾಲು ಕರೆಯುವ ಕೋಟು

ಗಂಡಸರೆಲ್ಲ ಯುದ್ಧಕ್ಕೆ ಹೋದ ಮೇಲೆ ಹೊಲದ ಕೆಲಸಕ್ಕೆ ಪಟ್ಟಣದ ಹುಡುಗಿಯರನ್ನು ಕಳಿಸಿದರು. ಯಜಮಾನಿಯ ಮನೆಗೆ ಮೊದಲು ಬಂದವಳು ದರ್ಜಿಯ ಮಗಳು. ಆಲೂಗಡ್ಡೆ ಅಗೆದು, ಗೊಬ್ಬರ ಹೊತ್ತು ಅಂಗೈ ಒಡೆದರೂ ಅವಳ ಕಣ್ಣೆಲ್ಲ ಕೊಟ್ಟಿಗೆಯ ಮೇಲೆ. ಹಾಲು ಕರೆಯುವವಳಿಗೆ ಒಲೆಯ ಪಕ್ಕ ಹಾಸಿಗೆ, ಉಳಿದವರಿಗೆ ಗಾಳಿ ನುಗ್ಗುವ ಹುಲ್ಲಿನ ಅಟ್ಟ.

ಕಪ್ಪು ಹಸುವನ್ನು ಕರುವಾಗಿನಿಂದ ಸಾಕಿದವನು ಯಜಮಾನಿಯ ಮಗ. ಈಗ ಅವನು ಯುದ್ಧದಲ್ಲಿ. ಅವನ ಹಳೇ ಕೋಟು ತೊಟ್ಟು ಕೂತರೆ ಮಾತ್ರ ಅದು ಹಾಲು ಬಿಡುತ್ತಿತ್ತು. ಮೊಣಕೈ ನೋಯುವವರೆಗೂ ಯಜಮಾನಿಯೇ ಕರೆದಳು. ಆಮೇಲೆ ಕೋಟು ಕೊಟ್ಟಿದ್ದು ಆಗತಾನೇ ಬಂದ ಗುಂಗುರು ಕೂದಲಿನ ಹುಡುಗಿಗೆ.

"ನಿನ್ನ ಕೈ ಒರಟು ಕಣಮ್ಮ, ಗುಂಗುರುದು ಮೆತ್ತಗಿದೆ" ಅಂದಳು ದರ್ಜಿಯ ಮಗಳಿಗೆ.

ಒರಟಾಗಿದ್ದು ಯಾರ ಹೊಲ ಅಗೆದು? ಕೇಳುವವರಿಲ್ಲ.

"ಅಕ್ಕಾ, ನೀನೂ ಒಲೆ ಹತ್ರ ಬಾ, ಬೆಚ್ಚಗಿದೆ" ಎಂದು ಗುಂಗುರು ಕರೆದರೆ, "ನಿನ್ನ ದಯೆ ನೀನೇ ಹೊದ್ಕೊಂಡು ಮಲಗು" ಎನ್ನುತ್ತಿದ್ದಳು ದರ್ಜಿಯ ಮಗಳು.

ಒಂದು ಬೆಳಿಗ್ಗೆ ಹಾಲು ಕರೆದು ಬಂದ ಗುಂಗುರುವಿಗೆ ಜ್ವರ. "ಸಂಜೆ ನೀನೇ ನೋಡ್ಕೊಳ್ಳಮ್ಮ" ಎಂದು ಯಜಮಾನಿ ಕೋಟನ್ನು ದರ್ಜಿಯ ಮಗಳ ಕೈಗಿಟ್ಟಳು. ಕೊರಳಪಟ್ಟಿಯಲ್ಲಿ ಬೆವರಿನ ಘಾಟು. ಎಲ್ಲ ಆ ಗುಂಗುರುದೇ ಅನ್ನಿಸಿತು. ಅವಳ ಬೆವರು ತಾನೇಕೆ ಹೊರಬೇಕು? ಸೋಪು ಹಚ್ಚಿ ತಿಕ್ಕಿ, ಬಿಸಿಲಿಗೆ ಹರವಿ, ಹೋದ ಗುಂಡಿ ಹೊಲಿದು, ಗರಿಗರಿ ಇಸ್ತ್ರಿ ಹಾಕಿದಳು. ದರ್ಜಿಯ ಮಗಳಲ್ಲವೇ.

ಸಂಜೆ ಹಸು ಒಮ್ಮೆ ಮೂಸಿತು, ಬಕೆಟ್ ಒದ್ದಿತು. ಸದ್ದಿಗೆ ಓಡಿಬಂದ ಯಜಮಾನಿ ಕೋಟು ಬಿಚ್ಚಿಸಿಕೊಂಡು ಕೊರಳಪಟ್ಟಿಗೆ ಮೂಗಿಟ್ಟಳು. ಆಮೇಲೆ ತೋಳಿಗೆ. ಆಮೇಲೆ ಕಂಕುಳಿಗೆ.

"ಒಗೆದೆಯಾ?"

"ಗಲೀಜಾಗಿತ್ತಮ್ಮ. ಗುಂಗುರು ಬೆವರು..."

"ಅದು ಅವಳದಲ್ಲ ಕಣೇ."

ಕಂಬಳಿ ಸುತ್ತಿಕೊಂಡು ಬಾಗಿಲಿಗೆ ಬಂದಿದ್ದ ಗುಂಗುರು ಮೆಲ್ಲಗೆ, "ನಾನೇ ಒಗೆಯೋಕೆ ಹೇಳಿದ್ದು, ಅಮ್ಮ" ಅಂದಳು.

ದರ್ಜಿಯ ಮಗಳಿಗೆ ಮೈಯೆಲ್ಲ ಉರಿದುಹೋಯಿತು. ಒಲೆ ಅವಳದು, ಹಸು ಅವಳದು, ಈಗ ಒಳ್ಳೆತನವೂ ಅವಳದೇ ಆಗಬೇಕೇ?

"ಸುಳ್ಳು. ಅವಳು ಹೇಳಿಲ್ಲ. ನಾನೇ ಒಗೆದಿದ್ದು."

ಯಜಮಾನಿ ಇಬ್ಬರ ಮುಖವನ್ನೂ ನೋಡಲಿಲ್ಲ. ಕೋಟನ್ನು ಎದೆಗೊತ್ತಿಕೊಂಡು ಹೊರಟಳು.

"ಒಲೆ ಹತ್ರ ಯಾರ್ ಬೇಕಾದ್ರೂ ಮಲ್ಕೊಳ್ಳಿ" ಅಂದಳು.

ಕೆಚ್ಚಲು ಬಿಗಿದ ಹಸು ಕೂಗುತ್ತಲೇ ಇತ್ತು.