ನಾಲ್ಕು ಗೇಣಿನ ಪೂಜೆ

ನಮ್ಮ ಹೊಸ ಫಾದರ್ ಅರುಣಕುಮಾರರು ಬಲಿಪೂಜೆಯನ್ನು ಇಪ್ಪತ್ನಾಲ್ಕು ನಿಮಿಷಕ್ಕೆ ಮುಗಿಸುತ್ತಾರೆ. ಸುಳ್ಳಲ್ಲ, ಐದು ಭಾನುವಾರ ಗಡಿಯಾರ ಹಿಡಿದುಕೊಂಡೇ ಕೂತಿದ್ದೇನೆ. ಅಷ್ಟು ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಬೇಳೆ ಕೂಡ ಬೇಯುವುದಿಲ್ಲ; ಇವರು ದೇವರನ್ನು ಕರೆದು, ಎಲ್ಲರಿಗೂ ಪ್ರಸಾದ ಕೊಟ್ಟು, ಆಶೀರ್ವಾದ ಮಾಡಿ, ಬೈಕು ಹತ್ತಿಯೇ ಬಿಟ್ಟಿರುತ್ತಾರೆ. ಬೆಳಿಗ್ಗೆ ಏಳಕ್ಕೆ ರೋಣ, ಒಂಬತ್ತಕ್ಕೆ ಗಜೇಂದ್ರಗಡ, ಮಧ್ಯಾಹ್ನದೊಳಗೆ ನರಗುಂದ. ದೇವರ ಕೆಲಸವೋ, ಬಸ್ಸಿನ ಟೈಮೋ!

ಗಜೇಂದ್ರಗಡದಲ್ಲಿ ನಮ್ಮವು ಹದಿಮೂರೇ ಕ್ರೈಸ್ತ ಮನೆ, ಎಲ್ಲರೂ ನೇಕಾರರು. ಅಜ್ಜನ ಕಾಲದಿಂದ ಮಗ್ಗವೂ ಶಿಲುಬೆಯೂ ಒಂದೇ ಪಡಸಾಲೆಯಲ್ಲಿವೆ. ನಾನು ಮೈಲಾರಪ್ಪ, ವಯಸ್ಸು ಅರವತ್ತೆಂಟು. ಪಟ್ಟೆದಂಚಿನ ಸೀರೆ ನೇಯುವುದು ಕಸುಬು. ಪೂಜೆಯ ನಿಯಮ ಕಾಯುವ ಕೆಲಸವನ್ನು ಯಾರೂ ಕೊಟ್ಟದ್ದಲ್ಲ, ನಾನೇ ವಹಿಸಿಕೊಂಡೆ. ಪೂಜಾ ಪುಸ್ತಕ ನನ್ನ ಹತ್ತಿರವೂ ಒಂದಿದೆ. ಫಾದರ್ ಒಂದು ಸಾಲು ಬಿಟ್ಟರೆ ಕೆಮ್ಮುತ್ತೇನೆ. ಇವರಿಗಿಂತ ಮುಂಚೆ ಹತ್ತೊಂಬತ್ತು ವರ್ಷ ಇದ್ದ ದೊಡ್ಡ ಫಾದರ್ ನನ್ನ ಕೆಮ್ಮು ಕೇಳಿದರೆ ಹಿಂದಕ್ಕೆ ಹೋಗಿ, ಬಿಟ್ಟ ಸಾಲು ಹೇಳಿಯೇ ಮುಂದೆ ಬರುತ್ತಿದ್ದರು. ಈಗಿನವರು ಪೀಠದಿಂದಲೇ "ಅಜ್ಜಾರ, ಸ್ವಲ್ಪ ನೀರ ಕುಡೀರಿ" ಅನ್ನುತ್ತಾರೆ.

ಇವರ ತಪ್ಪು ಒಂದೇ ಎರಡೇ? ಎಲ್ಲರೂ ಎದ್ದು ನಿಂತು ಹೇಳಬೇಕಾದ ವಿಶ್ವಾಸ ಪ್ರಮಾಣವನ್ನು ಪೂರಾ ಬಿಟ್ಟುಬಿಡುತ್ತಾರೆ. ಪ್ರಬೋಧನೆ ಮೂರು ನಿಮಿಷ. ಕೂತ ಬೆಂಚು ಬಿಸಿಯಾಗುವ ಮೊದಲೇ ಎದ್ದು ನಿಲ್ಲಬೇಕು. ಪೂಜಾವಸ್ತ್ರದ ಕೆಳಗೆ ಬೈಕಿನ ಜಾಕೀಟು ಕಾಣುತ್ತದೆ. ಹೆಲ್ಮೆಟ್ಟನ್ನು ಸಂತ ಅಂತೋಣಿಯವರ ಚಾಚಿದ ಕೈಗೆ ನೇತುಹಾಕುತ್ತಾರೆ! ಕೇಳಿದರೆ "ಅವ್ರು ಬ್ಯಾಡ ಅಂದಿಲ್ಲ ಬಿಡ್ರಿ ಅಜ್ಜಾರ" ಎಂದು ನಗುತ್ತಾರೆ. ಇಷ್ಟನ್ನೂ ನಾನು ಹಲ್ಲು ಕಚ್ಚಿ ಸಹಿಸಿದೆ. ಆದರೆ ಪರಮಪ್ರಸಾದ ಹಂಚುವಾಗಿನ ಹಾಡನ್ನು ಒಂದು ಚರಣಕ್ಕೆ ನಿಲ್ಲಿಸಿದರಲ್ಲ, ಅದನ್ನು ಮಾತ್ರ ನನ್ನಿಂದ ನುಂಗಲಾಗಲಿಲ್ಲ.

ಆ ಹಾಡು ನನ್ನ ಹೆಂಡತಿ ರಾಜಮಾಳದ್ದು. ಅವಳು ಕಟ್ಟಿದ್ದಲ್ಲ, ತವರಿನಿಂದ ಕಲಿತು ತಂದದ್ದು. ಆದರೆ ನಮ್ಮ ಚರ್ಚಿನಲ್ಲಿ ಅದನ್ನು ಎತ್ತಿ ಹಾಡುತ್ತಿದ್ದವಳು ಅವಳೇ. ಏಳು ಚರಣ. ಮಗ್ಗದ ಮನೆಯವರು ನಾವು ಹೊತ್ತನ್ನು ಗೇಣಿನಲ್ಲಿ ಅಳೆಯುತ್ತೇವೆ. ಒಂದು ಗೇಣು ಬಟ್ಟೆ ನೇಯಲು ಹಿಡಿಯುವ ಹೊತ್ತು ಅಂದರೆ ಹೆಚ್ಚುಕಮ್ಮಿ ಇಪ್ಪತ್ತು ನಿಮಿಷ. ರಾಜಮಾ ಏಳು ಚರಣ ಹಾಡಿ ಮುಗಿಸಿದರೆ ಒಂದು ಗೇಣು. ಅವಳು ತೀರಿಕೊಂಡು, ಬರುವ ಭಾನುವಾರಕ್ಕೆ ಒಂದು ವರ್ಷ. ಅವಳ ವರ್ಷದ ಪೂಜೆಯಲ್ಲಿ ಅವಳ ಹಾಡು ಏಳೂ ಚರಣ ಆಗಬೇಕು, ಪೂಜೆ ಒಂದು ಸಾಲೂ ತಪ್ಪದೆ ಆಗಬೇಕು. ನನಗೆ ಬೇಕಿದ್ದದ್ದು ಇಷ್ಟೇ.

ಹಾಗಾಗಿ ಬಿಷಪ್ಪರ ಆಫೀಸಿಗೆ ಅರ್ಜಿ ಬರೆದೆ. ಅರ್ಜಿ ಬರೆಯುವುದರಲ್ಲಿ ನನ್ನ ಕೈ ಪಳಗಿದೆ. ಒಂಬತ್ತು ವರ್ಷದ ಹಿಂದೆ ದೊಡ್ಡ ಫಾದರ್ ಮೇಲೂ ಒಂದು ಬರೆದಿದ್ದೆ, ಪೂಜೆ ಅತೀ ಉದ್ದವಾಯಿತೆಂದು. ಬರೆದ ತಿಂಗಳೊಳಗೆ ಪೂಜೆ ಸಣ್ಣದಾಗಿತ್ತು. ನನ್ನ ಅರ್ಜಿಯ ತಾಕತ್ತು ಅದು ಎಂದು ಆಗ ಊರೆಲ್ಲ ಹೇಳಿಕೊಂಡು ತಿರುಗಿದ್ದೆ.

ಪಕ್ಕದ ಮನೆಯ ಹನುಮಂತಪ್ಪ ಓದದೆಯೇ ಸಹಿ ಹಾಕಿದ. ಸೊಸೆ ನೀಲಾ ಮಾತ್ರ ತಡೆದಳು.

"ಮಾವಾರ, ಮೊದಲ ಫಾದರ್ ಕೂಡ ಮಾತಾಡ್ರಿ. ಬಾಯಿಲೆ ಹೇಳಿದ್ರ ಆಗೋದಕ್ಕ ಟಪಾಲ ಯಾಕ?"

"ಅವ್ರು ಬಾಯಿ ಮಾತ ಕೇಳೋ ಪೈಕಿ ಅಲ್ಲ ಬಿಡವಾ."

"ನೀವಾದ್ರ ಕೇಳೋ ಪೈಕಿ ಏನ್ರಿ?" ಎಂದು ಅವಳು ಚಹಾದ ಕಪ್ಪು ಮುಂದಿಟ್ಟಳು. ಈ ಮನೆಯ ಹೆಣ್ಣುಮಕ್ಕಳಿಗೆಲ್ಲ ನಾಲಗೆ ಉದ್ದ.

ಆದರೂ ಹೋದೆ. ಹೇಳಿಯೇ ಜಗಳಕ್ಕಿಳಿಯುವುದು ನನ್ನ ಪದ್ಧತಿ. ಫಾದರ್ ಇರುವುದು ಪವರ್‌ಲೂಮ್ ನಡೆಸುವ ಹಸೀನಾಳ ಶೆಡ್ಡಿನ ಹಿಂದಿನ ಬಾಡಿಗೆ ಖೋಲಿಯಲ್ಲಿ. ಅಲ್ಲಿ ಇಡೀ ದಿನ ಯಂತ್ರಮಗ್ಗಗಳ ಖಟಖಟ. ಗದ್ದಲದ ನಡುವೆ ಫಾದರ್ ಬನಿಯನ್ನಿನಲ್ಲಿ ಕೂತು ಬದನೆಕಾಯಿ ಹೆಚ್ಚುತ್ತಿದ್ದರು. ಅರ್ಜಿಯನ್ನು ಅವರ ಮುಂದೆ ಗಟ್ಟಿಯಾಗಿ ಓದಿದೆ. ಹೆಲ್ಮೆಟ್ಟಿನ ಸಾಲನ್ನು ಎರಡು ಸಲ ಓದಿದೆ.

ಫಾದರ್ ಚಾಕು ಕೆಳಗಿಟ್ಟರು. ಮುಖ ಬಾಡಿತು. "ಅಜ್ಜಾರ, ನಾ ನಿಮ್ಮ ಮಾತ ಕೇಳೇ ಹಿಂಗ ಮಾಡಾಕತ್ತೇನ್ರಿ!"

"ನನ್ನ ಮಾತ? ಯಾವಾಗ ಹೇಳಿದ್ನಿ?"

ಅವರು ಅಲಮಾರಿಯಿಂದ ಒಂದು ಹಳೆಯ ಫೈಲು ತೆಗೆದು ನನ್ನ ಮುಂದೆ ಹಿಡಿದರು. "ಇದು ನನ್ನ ಮೊದಲನೇ ಚರ್ಚು. ಮಂದಿ ಏನ ಬಯಸ್ತಾರ ಅಂತ ಫೈಲ್ ತಗದ ನೋಡಿದ್ನಿ. ಅದ್ರಾಗ ಇದ್ದದ್ದು ಇದೊಂದ ಕಾಗದ. ಬಿಷಪ್ಪರ ಆಫೀಸಿನಿಂದ ವಾಪಸ್ ಬಂದೈತಿ, ಗಮನಕ್ಕ ಅಂತ ಬರದ."

ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. ನನ್ನದೇ ಹಳೆಯ ಅರ್ಜಿ. ಪೂಜೆ ಆರು ಗೇಣು ಹಿಡಿಯುತ್ತಿದೆ, ಇದು ಅನ್ಯಾಯ, ನಾಲ್ಕು ಗೇಣು ಮೀರಕೂಡದು. ಹಾಡಿಗೆ ಒಂದು ಚರಣ ಸಾಕು, ಹೆಣ್ಣುಮಕ್ಕಳು ಏಳು ಚರಣ ಎಳೆಯುತ್ತಾರೆ. ಇಂತಿ ನಿಮ್ಮ ವಿಧೇಯ, ಮೈಲಾರಪ್ಪ.

ಅಯ್ಯೋ ನನ್ನ ಕರ್ಮವೇ! ರಾಜಮಾಳ ಹಾಡನ್ನು ಕತ್ತರಿಸು ಎಂದು ಬರೆದು ಕೊಟ್ಟವನು ನಾನೇ. ಅದನ್ನೇ ಮರೆತು ಕೂತಿದ್ದೆನಲ್ಲ. ಆದರೆ ಸೋಲು ಒಪ್ಪುವ ಜಾತಿಯವನಲ್ಲ ನಾನು.

"ನಾಲ್ಕ ಗೇಣ ಅಂದ್ರ ಎಂಬತ್ತ ನಿಮಿಷರೀ! ಇಪ್ಪತ್ನಾಲ್ಕ ಹ್ಯಾಂಗ ಆತು?"

"ನನಗ ಗೇಣಿನ ಲೆಕ್ಕ ಎಲ್ಲಿ ಗೊತ್ತೈತಿ? ನಮ್ಮದು ಒಕ್ಕಲುತನದ ಮನಿ. ಮುಂದ ಹಸೀನಾ ಅಕ್ಕಾರನ್ನ ಕೇಳಿದ್ನಿ, ಒಂದ ಗೇಣ ನೇಯಾಕ ಎಷ್ಟ ಹೊತ್ತ ಬೇಕ್ರಿ ಅಂತ. ಆರ ನಿಮಿಷ ಅಂದ್ರು. ನಾಲ್ಕ ಆರ್ಲೆ ಇಪ್ಪತ್ನಾಲ್ಕು. ಅಷ್ಟರಾಗ ಕೂಡಸಾಕ ನಾ ಎಷ್ಟ ಒದ್ದಾಡೇನಿ ನನಗ ಗೊತ್ತು."

ಪವರ್‌ಲೂಮಿನ ಗೇಣು! ಕೈಮಗ್ಗದವನ ಪೂಜೆಯನ್ನು ಪವರ್‌ಲೂಮಿನ ಲೆಕ್ಕದಲ್ಲಿ ಓಡಿಸಿದ್ದಾರೆ ಈ ಪುಣ್ಯಾತ್ಮ. ನಗು ಬಂತು, ಸಿಟ್ಟೂ ಬಂತು. ಯಾವುದನ್ನು ಮೊದಲು ಮಾಡಲಿ ಎಂದು ಯೋಚಿಸುತ್ತಿರುವಾಗ ಫಾದರ್ ಬೆರಳಿಟ್ಟು ತೋರಿಸಿದರು.

"ಕೆಳಗ ಇನ್ನೊಂದೀಟ ಐತಿ ನೋಡ್ರಿ. ಇದು ಯಾರ ಬರದದ್ದು?"

ನನ್ನ ಸಹಿಯ ಕೆಳಗೆ ಪೆನ್ಸಿಲಿನಲ್ಲಿ ದುಂಡನೆಯ ಅಕ್ಷರ. ಆಗೆಲ್ಲ ನಾನು ಬರೆದ ಕಾಗದಗಳನ್ನು ಟಪಾಲಿಗೆ ಹಾಕಿ ಬರುತ್ತಿದ್ದವಳು ರಾಜಮಾ. ಲಕೋಟೆ ಅಂಟಿಸುವ ಕೆಲಸವೂ ಅವಳದೇ. ಅಂಟಿಸುವ ಮೊದಲು ಓದಿದ್ದಾಳೆ, ಕಳ್ಳಿ!

"ಬಿಷಪ್ ಸ್ವಾಮ್ಯಾರಿಗೆ ಶರಣು. ಇವ್ರು ಬರದದ್ದಕ್ಕ ಸಿಟ್ಟ ಆಗಬ್ಯಾಡ್ರಿ. ಹಾಡು ಎಳಿಯಾಕಿ ನಾನ. ಇವ್ರು ಪೂಜಾದ ಹಿಂದಿನ ದಿನ ಉಂಡ್ರಂದ್ರ ಮರುದಿನ ಪ್ರಸಾದ ತಗೊಳ್ಳುತನಕ ನೀರ ಸುದ್ದಾ ಮುಟ್ಟಂಗಿಲ್ಲ, ಅಜ್ಜ ಹಂಗ ಕಲಿಸ್ಯಾನಂತ. ಈಗಿನ ನಿಯಮ ಒಂದ ತಾಸಿನ ಉಪಾಸ ಅಂತ ನಾ ಹೇಳಿದ್ರ ಕೇಳಂಗಿಲ್ಲ. ಹಸದಾಗ ಎಲ್ಲಾ ಉದ್ದ ಕಾಣ್ತೈತಿ ಇವ್ರಿಗೆ. ನೀವು ಪೀಠದಿಂದ ಒಂದ ಮಾತ ಹೇಳಸ್ರಿ. ಹೊಟ್ಟಿ ತುಂಬಿದ್ರ ಇವ್ರು ಭಾಳ ಚಲೋ ಮನಶ್ಯಾ. ರಾಜಮಾ."

ಎಲ್ಲ ನೆನಪಾಯಿತು. ಆ ವರ್ಷ ಒಂದು ಭಾನುವಾರ ದೊಡ್ಡ ಫಾದರ್ ಏಕಾಏಕಿ ಉಪವಾಸದ ನಿಯಮದ ಮೇಲೆ ಪ್ರಬೋಧನೆ ಮಾಡಿದ್ದರು, ಕಣ್ಣು ಪೂರ್ತಿ ನನ್ನ ಮೇಲೆಯೇ ನೆಟ್ಟು. ಪೀಠದಿಂದ ಬಂದ ಮಾತು, ಒಪ್ಪಿಕೊಂಡೆ. ಮುಂದಿನ ವಾರದಿಂದ ರಾಜಮಾ ಏಳು ಗಂಟೆಗೇ ಬಿಸಿ ರೊಟ್ಟಿ, ಶೇಂಗಾ ಚಟ್ನಿ ನನ್ನ ಮುಂದಿಡುತ್ತಿದ್ದಳು. ಪೂಜೆ ಸಣ್ಣದಾದದ್ದೂ ಅದೇ ವಾರದಿಂದ. ದೊಡ್ಡ ಫಾದರ್ ಒಂದು ಸಾಲೂ ಕಡಿಮೆ ಮಾಡಿರಲಿಲ್ಲ. ಆರು ಗೇಣು ಆರೇ ಇತ್ತು. ತುಂಬಿದ್ದು ನನ್ನ ಹೊಟ್ಟೆ.

ಅವಳು ಹೋದ ಮೇಲೆ ಭಾನುವಾರ ಬೆಳಿಗ್ಗೆ ನಾನು ಮತ್ತೆ ಏನೂ ತಿನ್ನುತ್ತಿಲ್ಲ. ನೀಲಾ ಕೇಳಿದರೆ ಅಜ್ಜನ ನಿಯಮ ಅನ್ನುತ್ತೇನೆ. ನಿಯಮವೂ ಅಲ್ಲ, ಎಂಥದೂ ಅಲ್ಲ. ಆ ಹೊತ್ತಿಗೆ ಬೇರೆಯವರ ಕೈಯ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಫಾದರ್ ಮುಂದೆ, ಬದನೆಕಾಯಿಯ ಮುಂದೆ, ನಾನು ಅತ್ತುಬಿಟ್ಟೆ. ಫಾದರ್ ಒಂದು ತಂಬಿಗೆ ನೀರು ಕೊಟ್ಟರು. ಈ ಸಲ ಕುಡಿದೆ.

ಭಾನುವಾರ ಏಳಕ್ಕೆ ನೀಲಾಳನ್ನು ಕರೆದು ರೊಟ್ಟಿ ಕೇಳಿದೆ. ಅವಳು ನನ್ನ ಮುಖ ನೋಡಿ, ಒಲೆಯ ಮೇಲೆ ಹಂಚು ಇಟ್ಟಳು. ಎರಡು ತಿಂದೆ. ಕಷ್ಟದಿಂದಲೇ ತಿಂದೆ, ಆದರೆ ತಿಂದೆ.

ಫಾದರ್ ರೋಣದ ಪೂಜೆ ಮುಗಿಸಿ ಬಂದು, ಜಾಕೀಟು ಕಳಚಿಟ್ಟು ಪೀಠಕ್ಕೆ ಹೋದರು. ನರಗುಂದಕ್ಕೆ ಫೋನು ಮಾಡಿ ತಡವಾಗುತ್ತದೆಂದು ತಿಳಿಸಿದ್ದರಂತೆ. ಹೆಲ್ಮೆಟ್ಟು ಮಾತ್ರ ಸಂತ ಅಂತೋಣಿಯವರ ಕೈಯಲ್ಲೇ ಇತ್ತು. ನಾನು ಕಂಡೂ ಕಾಣದ ಹಾಗೆ ಕೂತೆ. ವಿಶ್ವಾಸ ಪ್ರಮಾಣದ ನಡುವೆ ಅವರ ಜೇಬಿನಲ್ಲಿ ಫೋನು ಕುಂಯ್ ಕುಂಯ್ ಅಂದಿತು. ಇಪ್ಪತ್ನಾಲ್ಕು ನಿಮಿಷದ ಅಲಾರಂ, ತೆಗೆಯುವುದನ್ನು ಮರೆತಿದ್ದಾರೆ. ತಡಕಾಡಿ ಆರಿಸಿದರು. ಆ ಗಡಿಬಿಡಿಯಲ್ಲಿ ಒಂದು ಸಾಲು ತಪ್ಪಿತು. ಕೆಮ್ಮಿದೆ. ಹಿಂದಕ್ಕೆ ಹೋಗಿ ಹೇಳಿದರು!

ಪರಮಪ್ರಸಾದದ ಹೊತ್ತಿಗೆ ನೀಲಾ ಹಾಡು ಎತ್ತಿದಳು. ನಾಲ್ಕನೆಯ ಚರಣದ ತನಕ ಎಲ್ಲರೂ ಜೊತೆಗಿದ್ದರು, ಆರರ ತನಕ ನೀಲಾ ಒಬ್ಬಳೇ ಬಂದಳು. ಏಳನೆಯದು ಅವಳಿಗೂ ಬಾರದು. ಆ ಚರಣ ಗೊತ್ತಿದ್ದದ್ದು ಇಡೀ ಊರಲ್ಲಿ ನನಗೊಬ್ಬನಿಗೇ. ನಲವತ್ತು ವರ್ಷ ಮಗ್ಗದ ಆಚೆ ಬದಿ ಕೂತು ಕೇಳಿದ್ದೇನೆ. ಎದ್ದು ನಿಂತು ಹಾಡಿದೆ. ನನ್ನ ದನಿ ಕೇಳಿ ಮುಂದಿನ ಸಾಲಿನ ಕೂಸು ಅಳಲು ಶುರುಮಾಡಿತು. ಕೊನೆಯ ಸಾಲಿಗೆ ನಾನೂ ಅಳುತ್ತಿದ್ದೆ, ನಿಲ್ಲಿಸಲಿಲ್ಲ. ಮುಗಿಯುವ ತನಕ ಫಾದರ್ ಪೀಠದ ಮುಂದೆ ಕೈಮುಗಿದು ನಿಂತೇ ಇದ್ದರು.

ಹೊರಗೆ ಬಂದಾಗ ಹನುಮಂತಪ್ಪ ಹೊಟ್ಟೆ ಹಿಡಿದುಕೊಂಡು ನಿಂತಿದ್ದ. "ಭಾಳ ಉದ್ದ ಆತಪೋ. ಹಸದ ಪ್ರಾಣ ಹೋಗಾಕತ್ತೈತಿ. ಒಂದ ಅರ್ಜಿ ಬರಿಯೋಣೇನು?"

"ಮುಂದಿನ ವಾರ ರೊಟ್ಟಿ ತಿಂದ ಬಾ," ಅಂದೆ. "ಒಂದ ತಾಸಿನ ಉಪಾಸ ಸಾಕು. ನಿಯಮ ಐತಿ."

ಫಾದರ್ ಬೈಕು ಚಾಲು ಮಾಡುವಾಗ ಹತ್ತಿರ ಹೋಗಿ ಆ ಹಳೆಯ ಕಾಗದವನ್ನು ನನಗೆ ಕೊಟ್ಟುಬಿಡಿ ಎಂದು ಕೇಳಿದೆ.

"ಅದು ಫೈಲಿನ ಕಾಗದರೀ ಅಜ್ಜಾರ. ಬಿಷಪ್ಪರನ್ನ ಕೇಳದ ಕೊಡಾಕ ಬರಂಗಿಲ್ಲ. ನಿಯಮ."

ನೋಡಿ, ಇವರಿಗೆ ನಿಯಮ ನೆನಪಾದದ್ದು ಇಲ್ಲಿ! ಸುಮ್ಮನೆ ಬಿಡುತ್ತೇನೆಯೇ? ಮನೆಗೆ ಬಂದವನೇ ಬಿಷಪ್ಪರಿಗೆ ಹೊಸ ಅರ್ಜಿ ಬರೆಯಲು ಕೂತೆ. ಸಹಿಯನ್ನೂ ಹಾಕಿಯಾಗಿದೆ. ಕೆಳಗೆ ಪೆನ್ಸಿಲಿಗೆಂದು ನಾಲ್ಕು ಬೆರಳಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ.