ಹೊಸ ಲೆನ್ಸಿಗೆ ಧಾರೆಯ ಹಾಲು

ಗಂಡ ಉಮಾಶಂಕರ ಕ್ಯಾಮೆರಾ ಲೆನ್ಸಿನ ಮುಂದೆ ಹಾಕುವ ಫಿಲ್ಟರ್ ಗಾಜನ್ನು ಒರೆಸುವುದನ್ನು ಕಂಡರೆ ಮೀನಾಕ್ಷಿಗೆ ಹೊಟ್ಟೆ ತೊಳಸುತ್ತಿತ್ತು. ಬಾಯ್ತುಂಬ ಎಲೆಅಡಿಕೆ ಇಟ್ಟುಕೊಂಡೇ ಆ ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟು, ಸಾಲದ್ದಕ್ಕೆ ಒಂದಿಷ್ಟು ಎಂಜಲು ಹಚ್ಚಿ, ಪಂಚೆಯ ಚುಂಗಿನಿಂದ ತಿಕ್ಕುತ್ತಿದ್ದ. ಅರಸೀಕೆರೆಯಲ್ಲಿ ಗಂಡಹೆಂಡಿರದು ಒಂದೇ ಫೋಟೋ ಸ್ಟುಡಿಯೋ, ಒಂದೇ ಕಸುಬು. ಆದರೂ ಆ ಅಸಹ್ಯವನ್ನು ತನ್ನ ಕ್ಯಾಮೆರಾದ ಹತ್ತಿರ ಅವಳು ಸುಳಿಯಗೊಡುತ್ತಿರಲಿಲ್ಲ.

2006ರ ಮಳೆಗಾಲದಲ್ಲಿ ಅವಳ ಬಹುದಿನದ ಆಸೆಯೊಂದು ಕೈಗೂಡಿತು. ಮಳೆಯಲ್ಲಿ ನೆನೆದ ಹಳೇಬೀಡಿನ ಶಿಲ್ಪಗಳ ಕ್ಯಾಲೆಂಡರಿಗೆ ಫೋಟೋ ತೆಗೆಯುವ ಕೆಲಸವನ್ನು ಪ್ರೆಸ್ಸಿನ ಕರಿಬಸವಯ್ಯ ಅವಳಿಗೇ ಒಪ್ಪಿಸಿದರು. ಮದುವೆಮನೆಗಳಲ್ಲಿ ‘ನಗಿ, ನಗಿ’ ಎಂದು ಗೋಗರೆದು ಸಾಕಾಗಿದ್ದವಳಿಗೆ ಹೋದ ಜೀವ ಬಂದಂತಾಯಿತು. ಮಳೆಗೆ ಜಗ್ಗದ ಹೊಸ ಲೆನ್ಸೊಂದನ್ನು ತರಿಸಿಯೇಬಿಟ್ಟಳು.

“ಫಿಲ್ಟರ್ ಹಾಕ್ಕೊಳೇ,” ಎಂದ ಉಮಾಶಂಕರ. “ಝೂಮ್ ಮಾಡ್ದಾಗ ಮುಂದಿನ ಗಾಜು ಹಿಂದಕ್ಕೂ ಮುಂದಕ್ಕೂ ಓಡಾಡ್ತೈತೆ, ಸುತ್ತಲೂ ಸಂದಿ ಐತೆ ನೋಡು. ಫಿಲ್ಟರೇ ಅದಕ್ಕೆ ಮುಚ್ಚಳ.”

“ನೀರು ಹೋಗ್ದಂಗೇ ಮಾಡಿರೋ ಲೆನ್ಸ್ ಕಣ್ರೀ ಇದು. ನಿಮ್ಮ ಎಂಜಲನ್ನ ತಂದು ಇದರ ಮೇಲೆ ಕೂರಿಸ್ಲಾ?”

ಹೊಸ ಫಿಲ್ಟರನ್ನೇ ಕೊಳ್ಳಬಹುದಿತ್ತು. ಕೊಂಡರೆ ಅವನ ಮಾತು ಗೆದ್ದಂತಾಗುತ್ತದಲ್ಲ! ಕೊಳ್ಳಲಿಲ್ಲ.

ಆ ವಾರ ಬೇಲೂರಿನಲ್ಲಿ ಒಂದು ಮದುವೆ. ಧಾರೆಯ ಹೊತ್ತಿಗೆ ನೆಂಟರಿಷ್ಟರು ಮಂಟಪಕ್ಕೆ ಮುಗಿಬಿದ್ದರು. ವಧೂವರರ ಕೈಮೇಲಿನ ತೆಂಗಿನಕಾಯಿಗೆ ಒಬ್ಬೊಬ್ಬರೂ ಹಾಲೆರೆಯುತ್ತಿರಲು, ಮೀನಾಕ್ಷಿ ಮೊಣಕಾಲೂರಿ ಲೆನ್ಸನ್ನು ಕಾಯಿಯ ಹತ್ತಿರಕ್ಕೇ ಒಯ್ದಳು. ಹುಡುಗಿಯ ಸೋದರಮಾವ ಚನ್ನಪ್ಪ ಸಂಭ್ರಮದಲ್ಲಿ ಗಿಂಡಿಯನ್ನೇ ಬಗ್ಗಿಸಿಬಿಟ್ಟ. ಹಾಲು ಕಾಯಿಗೆ ಬಡಿದು ಲೆನ್ಸಿಗೆ ರಾಚಿತು. ಅವಳು ಮೇಲೆ ಮೇಲೆ ಒರೆಸಿ ಕೆಲಸ ಮುಗಿಸಿದಳು. ಮನೆಗೆ ಬಂದು ಲೆನ್ಸನ್ನು ಹಳೇಬೀಡಿಗೆಂದು ಜೋಪಾನವಾಗಿ ಬ್ಯಾಗಿನಲ್ಲಿ ಮುಚ್ಚಿಟ್ಟಳು.

ಮುಂದಿನ ವಾರ ಹಳೇಬೀಡಿನಲ್ಲಿ, ಜಿಟಿಜಿಟಿ ಮಳೆಯಲ್ಲಿ ಬ್ಯಾಗ್ ತೆರೆದಾಗ ಹಳಸಿದ ಹಾಲಿನ ನಾತ ಗಪ್ಪೆಂದು ಮೂಗಿಗೆ ಹೊಡೆಯಿತು. ಸಂದಿಯಿಂದ ಇಳಿದಿದ್ದ ಹಾಲು ಮುಂದಿನ ಗಾಜಿನ ಒಳಮೈಗೆ ಬೆಳ್ಳನೆಯ ಲೋಳೆಯಾಗಿ ಕಟ್ಟಿತ್ತು. ಕಣ್ಣಿಟ್ಟು ನೋಡಿದರೆ ಕರಿಕಲ್ಲಿನ ದೇವತೆಗಳೆಲ್ಲ ಮೊಸರು ಮೆತ್ತಿಕೊಂಡು ನಿಂತಂತೆ ಕಾಣುತ್ತಿದ್ದರು. ಒಳಗೆ ಕೈ ಹಾಕಿ ಒರೆಸುವ ಹಾಗೂ ಇಲ್ಲ, ಬೇರೆ ಲೆನ್ಸೂ ತಂದಿಲ್ಲ. ಅವಳಿಗೆ ಲೆನ್ಸಿಗಿಂತ ತನ್ನ ಹಟದ ಮೇಲೇ ಹೇಸಿಗೆಯಾಯಿತು.

“ಏನಮ್ಮಾ, ಮಳೆ ನಿಂತೋಗೋ ಹಂಗೈತೆ!” ಎಂದು ಜೊತೆಗೆ ಬಂದಿದ್ದ ಕರಿಬಸವಯ್ಯ ಅವಸರಪಡಿಸಿದರು.

ಕೊಡೆ ಹಿಡಿಯಲು ಬಂದಿದ್ದ ಉಮಾಶಂಕರ ಅದನ್ನು ಅವಳ ಕೈಗೆ ಕೊಟ್ಟು, ತನ್ನ ಹಳೇ ಕ್ಯಾಮೆರಾ ತೆಗೆದು, ಫಿಲ್ಟರಿಗೆ ಎಂಜಲು ಹಚ್ಚಿ ತಿಕ್ಕಿ, ಹನ್ನೆರಡು ತಿಂಗಳಿಗೂ ಬೇಕಾದ ಚಿತ್ರಗಳನ್ನು ತೆಗೆದ. ಕೊಡೆ ಹಿಡಿದು ನಿಂತವಳು ಅವಳು.

ಹೊಸ ವರ್ಷಕ್ಕೆ ಕ್ಯಾಲೆಂಡರ್ ಬಂತು. ಪ್ರತಿ ಹಾಳೆಯ ಅಡಿಯಲ್ಲೂ ‘ಛಾಯಾಚಿತ್ರ: ಮೀನಾಕ್ಷಿ’ ಎಂದಿತ್ತು. ಹಾಗೆ ಅಚ್ಚು ಹಾಕಿಸಿದವನು ಉಮಾಶಂಕರನೇ.

“ಎಷ್ಟು ಚೆನ್ನಾಗಿ ತೆಗ್ದಿದ್ದೀಯವ್ವ!” ಎಂದಳು ಪಕ್ಕದ ಮನೆಯ ಕಾಂತಮ್ಮ.

“ನಾನು ತೆಗ್ದಿದ್ದಲ್ಲ ಕಾಂತಮ್ಮ.”

“ಅವಳ್ದು ಯಾವಾಗ್ಲೂ ಹಿಂಗೇ ಕಣಮ್ಮ, ಹೊಗಳಿದ್ರೆ ನಾಚ್ಕೋತಾಳೆ,” ಎಂದು ಉಮಾಶಂಕರ ಒಳಗಿನಿಂದ ಅಕ್ಕರೆಯಿಂದಲೇ ಕೂಗಿದ.

ತನ್ನ ಹೆಸರಿಗೇ ಆ ಎಂಜಲು ಮೆತ್ತಿದಂತೆನಿಸಿ ಮೀನಾಕ್ಷಿ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಳು.