ಕಣಿವೆಯ ಬಾಯಿಗೆ ಅತ್ತೆಯ ಮನೆ

ಕಿಲಿಮಂಜಾರೊದ ಉತ್ತರದ ಬಯಲಿನಲ್ಲಿ ಐದು ವರ್ಷ ಸಿಂಹಗಳ ಹಿಂದೆ ಅಲೆದು ರೆಸಿಯಾತೊ ಅವುಗಳ ಓಡಾಟದ ನಕ್ಷೆ ತಯಾರಿಸಿದ್ದಳು. ಜೌಗಿನಿಂದ ಗುಡ್ಡಗಳಿಗೆ ಹೋಗುವ ದಾರಿ ಅದರಲ್ಲಿ ಒಂದೇ ಕಡೆ ತೀರ ಕಿರಿದಾಗುತ್ತದೆ: ಎರಡು ಬಂಡೆಗುಡ್ಡಗಳ ನಡುವಿನ ಕಣಿವೆ. ಜಾಡು ತಿಳಿಯಲು ಅವಳು ರೇಡಿಯೊ ಕೊರಳಪಟ್ಟಿ ಹಾಕಿದ ಸಿಂಹಿಣಿಗಳೆಲ್ಲ ದಾಟುವುದು ಅಲ್ಲೇ. ಅದು ಮುಚ್ಚಿದರೆ ಅವು ದನದ ದೊಡ್ಡಿಗಳ ನಡುವೆ ಹಾಯಬೇಕು. ಅಲ್ಲಿ ದನ ಕಾಯುವ ಮಸಾಯಿ ಯುವಕರ ಭರ್ಜಿಗಳಿವೆ.

ಊರೊಟ್ಟಿನ ಹುಲ್ಲುಗಾವಲು ಹಂಚಿಕೆಯಾದಾಗ ಕಣಿವೆಯ ತಳ ಭೂಸಮಿತಿಯ ಅಧ್ಯಕ್ಷ ಕೊಯ್ನೆಟ್‌ನ ಪಾಲಾಯಿತು. ಕಣಿವೆಯ ಬಾಯಲ್ಲಿನ ದಿಣ್ಣೆ ರೆಸಿಯಾತೊಳದು. ಕೊಯ್ನೆಟ್ ಅವಳ ಮಗಳ ಗಂಡ, ವಯಸ್ಸಿನಲ್ಲಿ ಅತ್ತೆಗಿಂತ ಹಿರಿಯ. ಅವನಿಗೆ ಅಲ್ಲಿ ತಂತಿಬೇಲಿ ಹಾಕಿ ಟೊಮೆಟೊ ಬೆಳೆಯಬೇಕಿತ್ತು. ಮಸಾಯಿ ಕಟ್ಟಳೆಯಂತೆ ಅಳಿಯನಾದವನು ಅತ್ತೆಯ ಎದುರು ನಿಲ್ಲುವಂತಿಲ್ಲ, ಅವಳ ಮನೆಯ ಹತ್ತಿರ ಸುಳಿಯುವಂತಿಲ್ಲ. ಹಾಗಾಗಿ ಅವಳ ತಮ್ಮ ಪಾರ್ಮುವಾತ್‌ನನ್ನು ಕಳುಹಿಸಿದ.

"ಅಕ್ಕಾ, ನಕ್ಷೆ ಸರ್ಕಾರಕ್ಕೆ ಹೋಗೋಕೆ ಮುಂಚೆ ಕಣಿವೇಲಿ ಹಾಯೋ ಆ ಗೆರೇನ ಒಂಚೂರು ಪಕ್ಕಕ್ಕೆ ಎಳೀಬೇಕಂತೆ."

"ಅಲ್ಲಿ ನಡೆದಿದ್ದು ಸಿಂಹ. ಪಕ್ಕಕ್ಕೆ ನಡಿ ಅಂತ ಅದಕ್ಕೇ ಹೇಳಲಿ."

ಮರುವಾರ ಲಾರಿಯಲ್ಲಿ ಬೇಲಿಕಂಬಗಳು ಬಂದಿಳಿದವು. ಅದೇ ದಿನ ರೆಸಿಯಾತೊ ದಿಣ್ಣೆಯ ಮೇಲೆ ಮನೆ ಕಟ್ಟಲು ಕೂತಳು. ಮಸಾಯಿಗಳಲ್ಲಿ ಮನೆ ಕಟ್ಟುವುದು ಹೆಂಗಸರ ಕೆಲಸ. ಯಾವ ಗಂಡಸಿನ ಒಪ್ಪಿಗೆಯೂ ಬೇಕಿಲ್ಲ. ನೆರೆಯ ಹೆಂಗಸರು ಕೋಲು ಬಾಗಿಸಿ ಕಟ್ಟಿಕೊಟ್ಟರು, ಗೋಡೆಗೆ ಮೆತ್ತಲು ಸಗಣಿ ಹೊತ್ತು ತಂದರು. ಬಾಗಿಲನ್ನು ಅವಳು ನೇರ ಕಣಿವೆಯ ಕಡೆಗೇ ಇಟ್ಟಳು.

ಗಡಿ ತೋರಿಸಲು ಬಂದ ಕೊಯ್ನೆಟ್ ಆ ಬಾಗಿಲು ಕಂಡದ್ದೇ ದೂರದ ಜಾಲಿಮರದ ಹತ್ತಿರ ನಿಂತು, ಮುಖಕ್ಕೆ ಬಟ್ಟೆ ಎಳೆದುಕೊಂಡು ಬೆನ್ನು ತಿರುಗಿಸಿದ. ಪೇಟೆಯಿಂದ ಬಂದ ಕೂಲಿಗಳಿಗೆ ಏನೂ ಅರ್ಥವಾಗಲಿಲ್ಲ. ಪಾರ್ಮುವಾತ್ ಇಬ್ಬರ ಮಾತು ಹೊತ್ತು ಅತ್ತಿಂದಿತ್ತ ಓಡಾಡಿದ.

ಸಿಂಹದ ದಾರಿಗೆ ಬೇಲಿ ಬೇಡವೆನ್ನುವವಳು ತಾನೇ ಮನೆ ಕಟ್ಟಿದ್ದೇಕೆ ಎಂದು ಅಳಿಯ ಕೇಳಿಕಳುಹಿಸಿದ. ತನ್ನ ಮನೆಯಲ್ಲಿ ಹಸುವಿಲ್ಲ, ಆಡಿಲ್ಲ, ಸಿಂಹ ಅದನ್ನು ಸುತ್ತಿಕೊಂಡು ಹೋಗುತ್ತದೆ, ತಂತಿಯನ್ನು ಸುತ್ತಿ ಹೋಗಲು ಜಾಗವೆಲ್ಲಿದೆ ಎಂದು ಅತ್ತೆ ಹೇಳಿಕಳುಹಿಸಿದಳು.

"ಬೇಲಿ ಹಾಕೋದಾದ್ರೆ ಹಾಕಲಿ," ಎಂದಳು. "ಟೊಮೆಟೊ ಕೀಳೋಕೆ ಮಾತ್ರ ದಿನಾ ನನ್ನ ಬಾಗಿಲ ಮುಂದೇನೇ ಬರಬೇಕು."

ಹೆಂಗಸರು ನಕ್ಕರು. ಪಾರ್ಮುವಾತ್ ಆ ಮಾತನ್ನು ಜಾಲಿಮರದ ಹತ್ತಿರಕ್ಕೆ ಒಯ್ದ. ಆಮೇಲೆ ಕೂಲಿಗಳು ಕಂಬಗಳನ್ನು ಮತ್ತೆ ಲಾರಿಗೆ ಹೇರತೊಡಗಿದರು.

ಪಾರ್ಮುವಾತ್ ಕೊನೆಯ ಸಲ ಏದುಸಿರು ಬಿಡುತ್ತ ಬಂದ. "ಎಷ್ಟು ದಿನ ಇಲ್ಲಿರ್ತೀಯ ಅಂತ ಕೇಳ್ತಿದಾರೆ."

ರೆಸಿಯಾತೊ ಸಗಣಿಗೆ ಕೈ ಹಾಕಿದಳು.

"ಮಳೆಗೆ ಸೋರಬಾರದು ನೋಡು, ಇನ್ನೊಂದು ಪದರ ಮೆತ್ತಬೇಕು. ಅಳಿಯಂದಿರಿಗೆ ಹೇಳು."